ಮುಖ ನೋಡಿ ಮಣೆ ಹಾಕದಿರುವುದು ಹೇಗೆ?

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಆನ್‌ಲೈನ್ ಗುಂಪುಗಳ ಅಡ್ಮಿನ್‌ಗಳು, ಮಾಡರೇಟರ್‌ಗಳು ಮತ್ತು ಅವರ ಮೇಲೆ ಮುನಿಸಿಕೊಂಡ ಸದಸ್ಯರಿಂದ ಬಂದವು.

ಪ್ರಶ್ನೆ: ನಮ್ಮ ಗುಂಪಿನಲ್ಲಿ 800ಕ್ಕೂ ಹೆಚ್ಚು ಸದಸ್ಯರಿದ್ದಾರೆ, ನಾವು ನಾಲ್ವರು ಮಾಡರೇಟರ್‌ಗಳು. ಹಳಬರು ಏನು ಬರೆದರೂ ನಡೆಯುತ್ತದೆ, ನಿಯಮವೆಲ್ಲ ಹೊಸಬರಿಗೆ ಮಾತ್ರ ಎಂಬ ಆಪಾದನೆ ಪದೇ ಪದೇ ಬರುತ್ತಿದೆ. ಲಾಗ್ ತೆಗೆದು ನೋಡಿದೆವು, ಅಳಿಸಿದ್ದೆಲ್ಲ ಅಳಿಸಬೇಕಾದದ್ದೇ. ಹಾಗಾದರೆ ಆಪಾದನೆ ಸುಳ್ಳಲ್ಲವೇ?

ಉತ್ತರ: ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಲಾಗ್‌ನಲ್ಲಿ ದಾಖಲಾಗುವುದು ನೀವು ಮಾಡಿದ್ದು. ಪಕ್ಷಪಾತ ಅಡಗಿರುವುದು ಬಹುಪಾಲು ಮಾಡದೆ ಬಿಟ್ಟದ್ದರಲ್ಲಿ. ಹೊಸಬರ ಒರಟು ಮಾತು ಅಳಿಸಿದ್ದು ಸರಿಯೇ ಇರಬಹುದು. ಅದೇ ವಾರ ಹಳಬರೊಬ್ಬರು ಆಡಿದ ಅಂಥದೇ ಮಾತನ್ನು ನೋಡಿ ಸುಮ್ಮನಾದದ್ದಕ್ಕೆ ಯಾವ ಲಾಗ್‌ನಲ್ಲೂ ಸಾಲಿರುವುದಿಲ್ಲ. ಹಾಗಾಗಿ ಮೊದಲು ಬೇಕಾದದ್ದು ದೂರುಗಳ ಪಟ್ಟಿ. ಕ್ರಮ ಕೈಗೊಂಡವು, ಕೈಬಿಟ್ಟವು ಎರಡೂ ಅದರಲ್ಲಿರಬೇಕು.

ಒಂದು ಸ್ಪ್ರೆಡ್‌ಶೀಟ್ ಸಾಕು. ದೂರು ಬಂದ ದಿನ ಮತ್ತು ಸಮಯ, ಮೆಸೇಜಿನ ಪೂರ್ತಿ ಪಠ್ಯ, ಯಾವ ನಿಯಮ, ಬರೆದವರು ಗುಂಪಿಗೆ ಸೇರಿ ಎಷ್ಟು ತಿಂಗಳಾಯಿತು, ಹಿಂದೆ ಎಷ್ಟು ಎಚ್ಚರಿಕೆ ಸಿಕ್ಕಿತ್ತು, ನೋಡಿದ ಮಾಡರೇಟರ್ ಯಾರು, ಏನು ತೀರ್ಮಾನ, ಯಾವಾಗ ಎಂಬಷ್ಟು ಕಾಲಂ. ಆ್ಯಪ್‌ನ ದಾಖಲೆಯನ್ನೇ ನಂಬಿ ಕೂತರೆ ಕೆಲಸ ಕೆಡುತ್ತದೆ. ಟೆಲಿಗ್ರಾಂನ ‘ರೀಸೆಂಟ್ ಆ್ಯಕ್ಷನ್ಸ್’ ತೋರಿಸುವುದು ಹಿಂದಿನ 48 ಗಂಟೆಯದ್ದನ್ನಷ್ಟೇ, ಡಿಸ್ಕಾರ್ಡ್‌ನ ಆಡಿಟ್ ಲಾಗ್ ಉಳಿಯುವುದು 45 ದಿನ. ಮೆಸೇಜ್ ಅಳಿಸುವ ಮುಂಚೆಯೇ ಪಠ್ಯವನ್ನು ನಕಲು ಮಾಡಿಕೊಳ್ಳಿ.

ಮೂರು ತಿಂಗಳಲ್ಲಿ ನಲವತ್ತು ದೂರು ಸೇರಿದವು ಎನ್ನಿ. ಅವನ್ನು ಮೊದಲು ನೋಡಿರದ ಇಬ್ಬರಿಗೆ ಹೆಸರು ಮರೆಮಾಡಿ ಕೊಡಿ. ಡಿಪಿ, ಅಡ್ಡಹೆಸರು, ‘ನಾನು ಶುರುವಿನಿಂದ ಇಲ್ಲಿದ್ದೇನೆ’ ಥರದ ಸುಳಿವುಗಳನ್ನೂ ತೆಗೆಯಿರಿ. ಆದರೆ ಯಾವ ಮಾತಿಗೆ ಉತ್ತರವಾಗಿ ಬರೆದದ್ದು ಎಂಬುದನ್ನು ಮಾತ್ರ ಉಳಿಸಿ, ಅದಿಲ್ಲದೆ ತಮಾಷೆಗೂ ಬೈಗುಳಕ್ಕೂ ವ್ಯತ್ಯಾಸ ತಿಳಿಯದು. ಇಬ್ಬರೂ ಬೇರೆ ಬೇರೆ ಕೂತು, ಪರಸ್ಪರ ಮಾತಾಡದೆ ‘ತಪ್ಪು’ ಅಥವಾ ‘ಪರವಾಗಿಲ್ಲ’ ಎಂದು ಬರೆಯಲಿ, ನಿಯಮದ ಸಂಖ್ಯೆ ಸಮೇತ.

ಈಗ ಎರಡು ಹೋಲಿಕೆ ಮಾಡಬೇಕು. ಮೊದಲನೆಯದು ಇಬ್ಬರ ನಡುವೆ. ನಲವತ್ತರಲ್ಲಿ 28ನ್ನು ಇಬ್ಬರೂ ಪರವಾಗಿಲ್ಲ ಎಂದರು, ನಾಲ್ಕನ್ನು ಇಬ್ಬರೂ ತಪ್ಪು ಎಂದರು, ಉಳಿದ ಎಂಟರಲ್ಲಿ ಒಬ್ಬೊಬ್ಬರು ನಾಲ್ಕನ್ನು ತಪ್ಪೆಂದರು ಎಂದುಕೊಳ್ಳಿ. 32 ಕಡೆ ಒಮ್ಮತ, ಶೇ. 80. ಚೆನ್ನಾಗಿದೆ ಅನಿಸುತ್ತದೆ. ಆದರೆ ಇಬ್ಬರೂ ಕಣ್ಣುಮುಚ್ಚಿ ಶೇ. 80ನ್ನು ಪರವಾಗಿಲ್ಲ ಎಂದಿದ್ದರೂ ಬರೀ ಆಕಸ್ಮಿಕವಾಗಿ ಶೇ. 68ರಷ್ಟು ಹೊಂದಿಕೆ ಬರುತ್ತಿತ್ತು. ಆ ಆಕಸ್ಮಿಕದ ಪಾಲನ್ನು ಕಳೆದು ಲೆಕ್ಕ ಹಾಕುವ ಅಳತೆಯನ್ನು ಸಂಖ್ಯಾಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು, ಕಪ್ಪಾ ಅಂತ ಕರೆಯುತ್ತಾರೆ. 80ರಲ್ಲಿ 68 ಕಳೆದು, ಬಂದ 12ನ್ನು, ನೂರರಲ್ಲಿ 68 ಕಳೆದು ಉಳಿದ 32ರಿಂದ ಭಾಗಿಸಿದರೆ 0.375. ಪೂರ್ತಿ ಹೊಂದಿಕೆ ಇದ್ದರೆ 1 ಬರಬೇಕಿತ್ತು. ಇಷ್ಟು ಕಡಿಮೆ ಬಂದರೆ ತೊಂದರೆ ನಿಯಮದಲ್ಲೇ ಇದೆ. ‘ಸಭ್ಯವಾಗಿ ವರ್ತಿಸಿ’ ಎಂದಷ್ಟೇ ಬರೆದಿದ್ದರೆ ಒಬ್ಬೊಬ್ಬರ ಸಭ್ಯತೆ ಒಂದೊಂದು. ‘ವಿಷಯ ಬಿಟ್ಟು ವ್ಯಕ್ತಿಯ ಬುದ್ಧಿ, ಜಾತಿ, ರೂಪ, ಕುಟುಂಬದ ಬಗ್ಗೆ ಬರೆಯುವಂತಿಲ್ಲ’ ಎಂದು ಬಿಡಿಸಿ ಬರೆದು, ನಿಯಮವೊಂದಕ್ಕೆ ಎರಡು ಉದಾಹರಣೆ ಕೊಟ್ಟು ಮತ್ತೆ ಪರೀಕ್ಷಿಸಿ.

ಎರಡನೆಯದು, ಈ ಹೆಸರಿಲ್ಲದ ತೀರ್ಪಿಗೂ ನೀವು ಅಂದು ಕೊಟ್ಟ ತೀರ್ಪಿಗೂ. ಇಬ್ಬರೂ ತಪ್ಪೆಂದದ್ದನ್ನು ನೀವು ಅಂದು ಬಿಟ್ಟಿದ್ದೀರಾ? ಅದನ್ನು ಬರೆದವರು ಹಳಬರೇ? ‘ಇಷ್ಟೂ ಗೊತ್ತಿಲ್ಲದವರೆಲ್ಲ ಇಲ್ಲಿ ಮಾತಾಡೋಕೆ ಬರ್ತಾರೆ’ ಎಂಬ ಒಂದೇ ಸಾಲು ಹೊಸಬರು ಬರೆದಾಗ ‘ಅಹಂಕಾರ’ ಎಂದೂ, ಹಳಬರು ಬರೆದಾಗ ‘ಅವರ ಮಾತೇ ಹಾಗೆ, ಮನಸ್ಸು ಒಳ್ಳೆಯದು’ ಎಂದೂ ಮಾಡರೇಟರ್‌ಗಳ ಟಿಪ್ಪಣಿಯಲ್ಲಿ ಕಾಣುವುದು ತೀರ ಸಾಮಾನ್ಯ. ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಪರಿಚಯವಿರುವವರ ಮಾತಿಗೆ ಒಳ್ಳೆಯ ಅರ್ಥ ತಾನಾಗಿ ಹೊಳೆಯುತ್ತದೆ, ಅಷ್ಟೇ.

ಸಮಯದ ಕಾಲಂ ಅನ್ನೂ ನೋಡಿ. ಹೊಸಬರ ಮೇಲಿನ ದೂರು ಹತ್ತು ನಿಮಿಷದಲ್ಲಿ ಇತ್ಯರ್ಥ, ಹಳಬರ ಮೇಲಿನದ್ದು ಎರಡು ದಿನ ಕೊಳೆತು ‘ಈಗ ಎಲ್ಲ ತಣ್ಣಗಾಗಿದೆ, ಬಿಡಿ’ ಎಂದು ಮುಗಿಯುವುದಿದ್ದರೆ, ನಿಮ್ಮ ಸದಸ್ಯರ ಆಪಾದನೆ ನಿಜ. ತಡಮಾಡುವುದು ಪಕ್ಷಪಾತದ ಅತಿ ಸಭ್ಯ ರೂಪ. ಎಲ್ಲ ದೂರಿಗೂ ಒಂದೇ ಗಡುವು ಇಡಿ, 24 ಗಂಟೆ ಎಂದರೆ 24 ಗಂಟೆ. ಒಂದು ಎಚ್ಚರಿಕೆ: ಆರೇಳು ದೂರಿನ ಮೇಲೆ ಶೇಕಡಾವಾರು ಹಾಕಿ ಯಾವ ತೀರ್ಮಾನಕ್ಕೂ ಬರಬೇಡಿ.

ಪ್ರಶ್ನೆ: ಆಪ್ತ ಸ್ನೇಹಿತರೊಬ್ಬರು ನಿಯಮ ಮುರಿದಿದ್ದಾರೆ. ಆ ಹೊತ್ತಿನಲ್ಲಿ ಆನ್‌ಲೈನ್ ಇದ್ದ ಮಾಡರೇಟರ್ ನಾನೊಬ್ಬನೇ. ನಾನೇ ಕ್ರಮ ಕೈಗೊಳ್ಳಬೇಕೆ, ಬೇರೆಯವರಿಗೆ ಬಿಡಬೇಕೆ?

ಉತ್ತರ: ಬಿಡಿ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ಹಳೆಯ ತತ್ವ ಇಲ್ಲಿಗೂ ಅನ್ವಯ. ಇಂಗ್ಲಿಷ್ ವಿಕಿಪೀಡಿಯದಲ್ಲಿ ತಾನು ಭಾಗಿಯಾದ ಜಗಳದಲ್ಲಿ ನಿರ್ವಾಹಕರು ತಮ್ಮ ಅಧಿಕಾರ ಬಳಸಬಾರದೆಂಬ ನಿಯಮವಿದೆ. ತಂತ್ರಜ್ಞಾನ ಸುದ್ದಿಯ ಚರ್ಚಾತಾಣ ಸ್ಲ್ಯಾಶ್‌ಡಾಟ್ ಇನ್ನೂ ಮುಂದೆ ಹೋಗಿ ಅದನ್ನು ಯಂತ್ರಕ್ಕೇ ಒಪ್ಪಿಸಿತು: ಒಂದು ಚರ್ಚೆಯಲ್ಲಿ ಬೇರೆಯವರ ಬರಹಕ್ಕೆ ಅಂಕ ಕೊಟ್ಟವರು ಅದೇ ಚರ್ಚೆಯಲ್ಲಿ ಬರೆದರೆ, ಕೊಟ್ಟ ಅಂಕಗಳು ರದ್ದಾಗುತ್ತವೆ.

ನಿಮ್ಮ ಗುಂಪಿಗೆ ಮೂರು ಪರೀಕ್ಷೆ ಸಾಕು: ಆ ಚರ್ಚೆಯಲ್ಲಿ ನಾನೂ ವಾದ ಮಾಡಿದ್ದೇನೆಯೇ? ಆ ವ್ಯಕ್ತಿ ಗುಂಪಿನ ಹೊರಗೂ ನನಗೆ ನೆಂಟರೋ, ಗೆಳೆಯರೋ, ವ್ಯವಹಾರದವರೋ? ಹಿಂದೆ ಅವರೊಂದಿಗೆ ಜಗಳವಾಗಿದೆಯೇ? ಒಂದಕ್ಕೆ ಹೌದು ಎಂದರೂ ದೂರ ಸರಿಯಿರಿ. ಸರಿದ ಮೇಲೆ ಮಾಡರೇಟರ್‌ಗಳ ಒಳಗುಂಪಿನಲ್ಲಿ ‘ನಾನು ಏನೂ ಹೇಳಲ್ಲ, ಆದರೂ...’ ಎಂದು ಶುರುಮಾಡಬೇಡಿ. ಆ ಒಂದು ‘ಆದರೂ’ ಸಾಕು, ಉಳಿದವರು ನಿಮ್ಮ ಮುಖ ನೋಡಿ ತೀರ್ಮಾನಿಸುತ್ತಾರೆ.

ಒಂದು ವಿನಾಯಿತಿ ಉಂಟು. ಯಾರದೋ ಫೋನ್ ನಂಬರ್, ಮನೆ ವಿಳಾಸ, ಖಾಸಗಿ ಫೋಟೊ ಹಾಕಿದ್ದರೆ ಅಥವಾ ಬೆದರಿಕೆ ಇದ್ದರೆ ಸ್ನೇಹಿತರಾದರೂ ಆ ಕ್ಷಣವೇ ತೆಗೆಯಿರಿ. ತೆಗೆಯುವುದು ತುರ್ತು ಕೆಲಸ, ಶಿಕ್ಷೆ ಕೊಡುವುದು ತುರ್ತಲ್ಲ. ಅದನ್ನು ಇನ್ನೊಬ್ಬರು ಮಾಡಲಿ.

ನಿಷ್ಪಕ್ಷಪಾತಿ ಎಂದು ತೋರಿಸಿಕೊಳ್ಳಲು ಸ್ನೇಹಿತರಿಗೆ ಎರಡರಷ್ಟು ಶಿಕ್ಷೆ ಕೊಡುವವರೂ ಇದ್ದಾರೆ. ಅದೂ ಮುಖ ನೋಡಿ ಮಣೆ ಹಾಕಿದ ಹಾಗೆಯೇ, ಮಣೆ ಸ್ವಲ್ಪ ದೂರ ಹಾಕಿದ್ದೀರಿ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಎಲ್ಲರ ಪ್ರಶ್ನೆಗೂ ಉತ್ತರ ಕೊಡುತ್ತಾರೆ, ತಿಳಿವಳಿಕೆ ಅಪಾರ. ಆದರೆ ಹೊಸಬರನ್ನು ಹೀಯಾಳಿಸುತ್ತಾರೆ. ತೆಗೆದುಹಾಕಿದರೆ ಗುಂಪೇ ಬಡವಾಗುತ್ತದೆ. ಏನು ಮಾಡುವುದು?

ಉತ್ತರ: ಈ ಪ್ರಶ್ನೆಯೊಳಗೆ ಎರಡು ಲೆಕ್ಕ ಸೇರಿಕೊಂಡಿವೆ. ಅವರು ಕೊಟ್ಟ ಉತ್ತರಗಳನ್ನು ನೀವು ಎಣಿಸಬಲ್ಲಿರಿ. ಹೀಯಾಳಿಕೆಗೆ ಹೆದರಿ ಯಾರೂ ಕೇಳದೆ ಉಳಿದ ಪ್ರಶ್ನೆಗಳನ್ನು ಎಣಿಸುವವರು ಯಾರು? ಹಾಗಾಗಿ ತಕ್ಕಡಿ ಸದಾ ಪಂಡಿತರ ಕಡೆಗೇ ವಾಲುತ್ತದೆ. ಹಿಂದೆ ತಪ್ಪು ಮಾಡಿಲ್ಲ ಎಂಬುದು ಶಿಕ್ಷೆಯನ್ನು ಒಂದು ಮೆಟ್ಟಿಲು ಇಳಿಸಬಹುದು, ಅದು ಎಲ್ಲರಿಗೂ ಸಿಗುವ ರಿಯಾಯಿತಿ. ಬಹಳ ಉಪಯೋಗಕ್ಕೆ ಬರುತ್ತಾರೆ ಎಂಬುದು ಇಳಿಸಬಾರದು, ಇಳಿಸಿದರೆ ಅದು ಮುಂಗಡ ಕೊಟ್ಟು ಕೊಂಡ ಪರವಾನಗಿಯಾಗುತ್ತದೆ.

ನಿಮ್ಮ ಹಿಂಜರಿಕೆಗೆ ಇನ್ನೊಂದು ಕಾರಣ ಆ್ಯಪ್‌ನಲ್ಲೇ ಇದೆ. ಟೆಲಿಗ್ರಾಂನಲ್ಲಿ ಒಬ್ಬರನ್ನು ಇಂತಿಷ್ಟು ಕಾಲ ಎಂದು ನಿರ್ಬಂಧಿಸಬಹುದು, ಡಿಸ್ಕಾರ್ಡ್‌ನ ಟೈಮ್‌ಔಟ್ 28 ದಿನದವರೆಗೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬ ಸದಸ್ಯರ ಬಾಯನ್ನಷ್ಟೇ ಕಟ್ಟುವ ದಾರಿ ಇಲ್ಲ: ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಎಲ್ಲರನ್ನೂ ಸುಮ್ಮನಿರಿಸಬೇಕು, ಇಲ್ಲವೇ ಆ ಒಬ್ಬರನ್ನು ಹೊರಹಾಕಬೇಕು. ನಡುವಿನ ಮೆಟ್ಟಿಲುಗಳಿಲ್ಲ. ಕೈಯಲ್ಲಿ ಬರೀ ಕೊಡಲಿ ಇರುವಾಗ ಬೇಕಾದವರ ಮೇಲೆ ಅದನ್ನು ಎತ್ತಲು ಮನಸ್ಸಾಗುವುದಿಲ್ಲ, ಬೇಡದವರ ಮೇಲೆ ಸಲೀಸಾಗಿ ಏಳುತ್ತದೆ. ಸಾಮೂಹಿಕ ಸಂಪನ್ಮೂಲಗಳನ್ನು ಜನ ತಾವೇ ನಿರ್ವಹಿಸುವ ವ್ಯವಸ್ಥೆಗಳನ್ನು ಅಧ್ಯಯನ ಮಾಡಿದ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ದಂಡನೆ ಹಂತಹಂತವಾಗಿ ಏರುತ್ತದೆ ಎಂದು ಗುರುತಿಸಿದ್ದರು.

ಆ ಮೆಟ್ಟಿಲುಗಳನ್ನು ನೀವೇ ಕಟ್ಟಿಕೊಳ್ಳಿ. ಮೊದಲ ಸಲ ಮೆಸೇಜ್ ಅಳಿಸಿ ಖಾಸಗಿ ಸೂಚನೆ. ಎರಡನೆಯ ಸಲ ದಾಖಲಾಗುವ ಎಚ್ಚರಿಕೆ. ಮೂರನೆಯ ಸಲ ಏಳು ದಿನ ಹೊರಗೆ, ಮರಳಿ ಸೇರಿಸುವ ತಾರೀಖನ್ನು ಅಂದೇ ಬರೆದು ತಿಳಿಸಿ. ನಾಲ್ಕಕ್ಕೆ 28 ದಿನ, ಆಮೇಲೆ ಕಾಯಂ. ಎಚ್ಚರಿಕೆ ಆರು ತಿಂಗಳಿಗೆ ಮಾಸಿಹೋಗಲಿ, ಎಲ್ಲರಿಗೂ. ಮರಳಿ ಸೇರಿಸುವ ದಿನ ಮರೆತರೆ ಏಳು ದಿನದ ಶಿಕ್ಷೆ ಸದ್ದಿಲ್ಲದೆ ಕಾಯಂ ಆಗುತ್ತದೆ. ಪರಿಚಯಸ್ಥರಾದರೆ ಫೋನ್ ಮಾಡಿ ನೆನಪಿಸುತ್ತಾರೆ, ಹೊಸಬರು ನೆನಪಿಸುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಅಲಾರಂ ಇಡಿ.

ಖಾಸಗಿ ಸೂಚನೆಯಲ್ಲಿ ‘ನೀವು ಒರಟಾಗಿ ವರ್ತಿಸುತ್ತೀರಿ’ ಎಂದು ಬರೆದರೆ ವಾದ ಅವರ ಸ್ವಭಾವದ ಮೇಲೆ ಹೊರಳುತ್ತದೆ. ಹೀಗೆ ಬರೆಯಬಹುದು: ‘ಇಂದು ಬೆಳಿಗ್ಗೆ 9.40ರ ನಿಮ್ಮ ಉತ್ತರದಲ್ಲಿ “ಒಂದನೇ ಕ್ಲಾಸಿಗೆ ವಾಪಸ್ ಹೋಗಿ” ಎಂಬ ಸಾಲು ನಿಯಮ 3ಕ್ಕೆ ವಿರುದ್ಧ. ಮೆಸೇಜ್ ತೆಗೆದಿದ್ದೇವೆ. ಆ ಸಾಲು ಬಿಟ್ಟು ಉಳಿದದ್ದನ್ನು ಮತ್ತೆ ಹಾಕಬಹುದು.’

ಪ್ರಶ್ನೆ: ನನ್ನ ಮೆಸೇಜ್ ಅಳಿಸಿದರು, ಅದಕ್ಕಿಂತ ಕೆಟ್ಟದಾಗಿ ಬರೆದವರದ್ದು ಹಾಗೇ ಇದೆ. ಕೇಳಿದರೆ ‘ಎಲ್ಲವನ್ನೂ ನೋಡಲು ಆಗುವುದಿಲ್ಲ’ ಎನ್ನುತ್ತಾರೆ. ಇದು ಉತ್ತರವೇ?

ಉತ್ತರ: ಅರ್ಧ ಉತ್ತರ. ಕಣ್ತಪ್ಪಿ ಉಳಿದದ್ದು ನಿಜವಿರಬಹುದು. ಆದರೆ ನೀವು ತೋರಿಸಿಕೊಟ್ಟ ಕ್ಷಣದಿಂದ ಅದು ಕಣ್ಣಿಗೆ ಬಿದ್ದಿದೆ, ಇನ್ನು ಆ ನೆಪ ನಡೆಯದು. ಅವರದ್ದು ಉಳಿದಿದೆ ಎಂಬ ಕಾರಣಕ್ಕೆ ನಿಮ್ಮ ಮೆಸೇಜ್ ಮರಳಿ ಬರಬೇಕಿಲ್ಲ. ಎರಡನ್ನೂ ಒಂದೇ ನಿಯಮದಡಿ ಅದೇ ದಿನ ತೂಗಿ ಎಂದು ಕೇಳುವ ಹಕ್ಕು ನಿಮಗಿದೆ. ಮೆಸೇಜಿನ ಸ್ಕ್ರೀನ್‌ಶಾಟ್, ಸಮಯ, ನಿಯಮದ ಸಂಖ್ಯೆ, ಈ ಮೂರನ್ನೇ ಕಳಿಸಿ. ಹತ್ತು ಜನರನ್ನು ಸೇರಿಸಿಕೊಂಡು ರಿಪೋರ್ಟ್ ಒತ್ತಿಸಬೇಡಿ. ಒಂದೇ ಮೆಸೇಜಿನ ಮೇಲೆ ಬಂದ ಇಪ್ಪತ್ತು ರಿಪೋರ್ಟನ್ನೂ ಬಲ್ಲ ಮಾಡರೇಟರ್ ಒಂದೇ ದೂರು ಎಂದು ಎಣಿಸುತ್ತಾರೆ. ಸಂಖ್ಯೆ ತೋರಿಸುವುದು ದೂರಿದವರ ಬಳಗ ಎಷ್ಟು ದೊಡ್ಡದು ಎಂಬುದನ್ನು ಮಾತ್ರ.

ಪ್ರಶ್ನೆ: ಶಿಕ್ಷೆಗೊಳಗಾದವರ ಹೆಸರು ಗುಂಪಿನಲ್ಲಿ ಪ್ರಕಟಿಸಿದರೆ ಪಾರದರ್ಶಕವಾಗುತ್ತದೆ ಅಲ್ಲವೇ?

ಉತ್ತರ: ಮಾನ ಹರಾಜಾಗುತ್ತದೆ. ಹೆಸರು ಬೇಡ, ತಿಂಗಳಿಗೊಮ್ಮೆ ಅಂಕಿ ಕೊಡಿ: ಎಷ್ಟು ದೂರು, ಎಷ್ಟರಲ್ಲಿ ಕ್ರಮ, ಎಷ್ಟು ಕೈಬಿಟ್ಟದ್ದು, ಎಷ್ಟು ಮೇಲ್ಮನವಿ, ಅದರಲ್ಲಿ ಎಷ್ಟು ತೀರ್ಮಾನ ಬದಲಾಯಿತು. ಬಳಕೆದಾರರ ಬರಹ ತೆಗೆಯುವ ಬಗ್ಗೆ ನಾಗರಿಕ ಸಂಘಟನೆಗಳು, ತಜ್ಞರು ಸೇರಿ ರೂಪಿಸಿದ 2018ರ ಸಾಂಟಾ ಕ್ಲಾರಾ ತತ್ವಗಳು ದೊಡ್ಡ ಕಂಪನಿಗಳಿಗೆ ಹೇಳಿದ್ದೂ ಇಷ್ಟೇ: ಅಂಕಿ ಅಂಶ ಕೊಡಿ, ಸಂಬಂಧಪಟ್ಟವರಿಗೆ ಕಾರಣ ತಿಳಿಸಿ, ಮೇಲ್ಮನವಿಗೆ ಅವಕಾಶವಿಡಿ.

ಪ್ರಶ್ನೆ: ನಾವು ಇಬ್ಬರೇ ಅಡ್ಮಿನ್‌ಗಳು. ಮೇಲ್ಮನವಿ ಯಾರು ಕೇಳಬೇಕು? ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಬದಲಿಸಿದರೆ ಮನಸ್ತಾಪವಾಗುತ್ತದೆ.

ಉತ್ತರ: ಆ ಇನ್ನೊಬ್ಬರೇ ಕೇಳಬೇಕು. ಮೂರು ದಿನದೊಳಗೆ, ಒಂದು ತೀರ್ಮಾನಕ್ಕೆ ಒಂದೇ ಮೇಲ್ಮನವಿ. ಮೊದಲ ತೀರ್ಮಾನದ ಕಾರಣವನ್ನು ಓದುವ ಮುಂಚೆ ಮೂಲ ಮೆಸೇಜ್ ಓದಿ ತಮ್ಮ ಅಭಿಪ್ರಾಯ ಬರೆದಿಟ್ಟುಕೊಳ್ಳಲಿ. ಓದುವ ಕ್ರಮ ಹಿಂದುಮುಂದಾದರೆ ಗೆಳೆಯರ ಕಾರಣ ಸರಿಯೆಂದೇ ತೋರುತ್ತದೆ. ಇಬ್ಬರೂ ಆ ಜಗಳದಲ್ಲಿ ಭಾಗಿಗಳಾಗಿದ್ದರೆ, ಒಪ್ಪಿಗೆ ಕೊಟ್ಟ ಸದಸ್ಯರ ಪಟ್ಟಿಯಿಂದ ಚೀಟಿ ಎತ್ತಿ ಒಬ್ಬರನ್ನು ಆ ಒಂದು ತೀರ್ಮಾನಕ್ಕೆ ಕೂರಿಸಿ. ವರ್ಷವಿಡೀ ಒಂದು ತೀರ್ಮಾನವೂ ಬದಲಾಗಿಲ್ಲವಾದರೆ ನಿಮ್ಮ ಮೇಲ್ಮನವಿ ಬರೀ ತೋರಿಕೆಯದು ಎಂಬ ಅನುಮಾನ ಇಟ್ಟುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಬದಲಾದರೆ ಮೊದಲ ಹಂತದಲ್ಲೇ ಅವಸರವಿದೆ. ಮನಸ್ತಾಪದ ಬಗ್ಗೆ ನಮ್ಮ ಬಳಿ ಮದ್ದಿಲ್ಲ.

ಪ್ರಶ್ನೆ: ಮಾಡರೇಟರ್‌ಗಳೆಲ್ಲ ಗುಂಪು ಕಟ್ಟಿದವರ ಬಳಗದವರೇ. ಬದಲಾವಣೆ ಎಲ್ಲಿಂದ ಶುರುಮಾಡಬೇಕು?

ಉತ್ತರ: ಅವಧಿಯಿಂದ. ಆರು ತಿಂಗಳು, ನಂತರ ಕನಿಷ್ಠ ಮೂರು ತಿಂಗಳು ಬಿಡುವು, ತಾನಾಗಿ ಮುಂದುವರಿಕೆ ಇಲ್ಲ. ಎಲ್ಲರ ಅವಧಿಯೂ ಒಂದೇ ದಿನ ಮುಗಿಯದಂತೆ ಅರ್ಧರ್ಧ ಬದಲಿಸಿ. ಹೊಸ ಮಾಡರೇಟರ್‌ಗಳು ಮೊದಲ ಎರಡು ವಾರ ದೂರುಗಳನ್ನು ನೋಡಿ ತಮ್ಮ ತೀರ್ಮಾನ ಬರೆಯಲಿ, ಗುಂಡಿ ಒತ್ತುವುದು ಹಳೆಯ ಮಾಡರೇಟರ್‌ಗಳದ್ದಾಗಲಿ. ಆರಿಸುವಾಗ ಯಾರು ಹೆಚ್ಚು ಬರೆಯುತ್ತಾರೆ ಎಂದು ನೋಡಬೇಡಿ, ಹೆಚ್ಚು ಬರೆಯುವವರು ಹೆಚ್ಚು ಜಗಳಗಳಲ್ಲಿ ಭಾಗಿಗಳು. ಅರ್ಧ ದೂರುಗಳಿಂದ ದೂರ ಸರಿಯಬೇಕಾದವರನ್ನು ಆರಿಸಿ ಏನು ಉಪಯೋಗ?

ಕಟ್ಟಿದವರ ಪ್ರಶ್ನೆ ಬೇರೆ. ಟೆಲಿಗ್ರಾಂ, ಡಿಸ್ಕಾರ್ಡ್ ಎರಡರಲ್ಲೂ ಮಾಲೀಕರ ಖಾತೆಯನ್ನು ಉಳಿದ ಮಾಡರೇಟರ್‌ಗಳು ತೆಗೆಯಲಾರರು. ಆದ್ದರಿಂದ ದಿನನಿತ್ಯದ ತೀರ್ಪಿನಲ್ಲಿ ಮಾಲೀಕರು ಕೂರದಿರುವುದೇ ಲೇಸು. ಅವರ ಮೇಲೆಯೇ ದೂರು ಬಂದರೆ ಯಾರು ಕೇಳಬೇಕೆಂದು ದೂರು ಬರುವ ಮುಂಚೆಯೇ ಬರೆದಿಡಿ. ಅವರು ಒಪ್ಪಿ ಮಾಲೀಕತ್ವವನ್ನೇ ಬೇರೆಯವರಿಗೆ ಕೊಡುವುದಾದರೆ, ಟೆಲಿಗ್ರಾಂನಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಹಾಕಿ ಏಳು ದಿನ, ಆ ಫೋನಿನಲ್ಲಿ ಲಾಗಿನ್ ಆಗಿ 24 ಗಂಟೆ ಕಳೆದಿರಬೇಕು. ಹಸ್ತಾಂತರದ ದಿನ ಗೊತ್ತುಮಾಡುವ ಮುನ್ನ ಅದನ್ನು ಆನ್ ಮಾಡಿಸಿಡಿ.