ನಡುರಾತ್ರಿಯ ಫೋನು ಮತ್ತು ನೋಡ್‌ಲಿಸ್ಟ್

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಫೋನ್ ತಂತಿಯ ಮೂಲಕ ಕಂಪ್ಯೂಟರುಗಳು ಸಂದೇಶ ಹಂಚಿಕೊಳ್ಳುತ್ತಿದ್ದ ಹವ್ಯಾಸಿ ಜಾಲ ಫಿಡೋನೆಟ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಹೊಗಳಿ ಬರೆದಿದ್ದೀರಿ. ಆದರೆ ಅದರಲ್ಲಿ ತಪ್ಪು ನಂಬರಿಗೆ ಕರೆ ಹೋಗುತ್ತಿತ್ತು, ಒಂದೇ ಸಂದೇಶ ಹತ್ತು ಸಲ ಬರುತ್ತಿತ್ತು. ಹವ್ಯಾಸಿಗಳು ಅಂಚೆ ನಡೆಸಿದರೆ ಇದೇ ಗತಿಯಲ್ಲವೇ?”

ಉತ್ತರ: ತಾವು ಹೇಳಿದ ತೊಂದರೆಗಳು ನಿಜ. ಆದರೆ ‘ಹವ್ಯಾಸಿಗಳು’ ಎಂಬ ಮಾತಿನಲ್ಲಿರುವ ತಾತ್ಸಾರವನ್ನು ನಾನು ಒಪ್ಪಲಾರೆ. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ಮತ್ತು ಬಾಲ್ಟಿಮೋರ್‌ನ ಜಾನ್ ಮ್ಯಾಡಿಲ್ ಈ ಜಾಲವನ್ನು ಆರಂಭಿಸಿದ್ದು ಎರಡೇ ಕಂಪ್ಯೂಟರುಗಳಿಂದ. ದೂರದ ಕರೆಗಳ ದರ ಇಳಿಯುವ ಅಪರಾತ್ರಿಯಲ್ಲಿ ಯಂತ್ರಗಳು ತಾವೇ ಫೋನ್ ಮಾಡಿ ಸಂದೇಶ ದಾಟಿಸುತ್ತಿದ್ದವು. ಫೋನ್ ಬಿಲ್ಲನ್ನು ಆ ಯಂತ್ರ ನಡೆಸುವವರೇ ಕೈಯಿಂದ ಕಟ್ಟುತ್ತಿದ್ದರು.

ಎಲ್ಲವೂ ನಿಂತಿದ್ದದ್ದು ನೋಡ್‌ಲಿಸ್ಟ್ ಎಂಬ, ಜಾಲದ ಕಂಪ್ಯೂಟರುಗಳ (ಅಂದರೆ ನೋಡ್‌ಗಳ) ಫೋನ್ ಪಟ್ಟಿಯ ಮೇಲೆ. ಅದರಲ್ಲಿ ಒಂದು ಅಂಕಿ ತಪ್ಪಿದರೂ ಸಂಬಂಧವೇ ಇಲ್ಲದ ಯಾರದೋ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನಿದ್ದೆಯಿಂದೆದ್ದು ‘ಹಲೋ’ ಎಂದರೆ ಆ ಕಡೆ ಮಾತಿಲ್ಲ, ಇಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಗಂಟೆ, ಏಕೆಂದರೆ ಇನ್ನೊಂದು ಮೋಡೆಮ್ ಸಿಗಲಿಲ್ಲವೆಂದು ಯಂತ್ರ ಪುನಃ ಪ್ರಯತ್ನಿಸುತ್ತಿತ್ತು. ಇದನ್ನು ತಡೆಯಲು ಅವರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿದೆ: ಹೊಸಬರು ಪಟ್ಟಿಗೆ ಸೇರುವ ಅರ್ಜಿಯನ್ನು ಫಿಡೋನೆಟ್ ಸಂದೇಶವಾಗಿಯೇ ಕಳುಹಿಸಬೇಕು. ಅರ್ಜಿ ತಲುಪಿತೆಂದರೆ ಅವರ ಯಂತ್ರ ನಡೆಯುತ್ತಿದೆಯೆಂದು ಗೊತ್ತಾಯಿತು. ಪಟ್ಟಿಯನ್ನು ವಾರವಾರವೂ ತಿದ್ದಿ ಹಂಚುತ್ತಿದ್ದರು.

ಒಂದೇ ಸಂದೇಶ ಮರಳಿ ಮರಳಿ ಬರುತ್ತಿದ್ದದ್ದು ಎಕೋಮೇಲ್ ಎಂಬ ಸಾರ್ವಜನಿಕ ಚರ್ಚೆಗಳಲ್ಲಿ. ಮೂರು ಕಂಪ್ಯೂಟರುಗಳು ವೃತ್ತದಂತೆ ಜೋಡಣೆಯಾದರೆ ಸಂದೇಶ ಸುತ್ತುತ್ತಲೇ ಇರುತ್ತದೆ. ಅದನ್ನು ಯಾವ ಯಾವ ನೋಡ್‌ಗಳು ಕಂಡಿವೆಯೆಂದು ಸಂದೇಶದ ಬುಡದಲ್ಲೇ ಬರೆದಿಡುವ ಕ್ರಮ ಬಂತು. ಆಗಲೂ ಕಾಟ ಪೂರ್ತಿ ತಪ್ಪಲಿಲ್ಲ, ನಿಜ.

1989ರ ಅವರ ನಿಯಮಾವಳಿಯಲ್ಲಿ ಎರಡು ಮಾತುಗಳಿವೆ: ಇತರರಿಗೆ ಅತಿಯಾಗಿ ಕಿರಿಕಿರಿ ಮಾಡಬೇಡ, ತೀರಾ ಸುಲಭವಾಗಿ ಕಿರಿಕಿರಿಗೊಳ್ಳಲೂ ಬೇಡ. ಎರಡನೆಯದನ್ನು ತಾವು ದಯವಿಟ್ಟು ಇನ್ನೊಮ್ಮೆ ಓದಬೇಕು.

ಇಂದಿನ ಇಮೇಲ್ ಅಂಚೆ ಸಂಬಳ ಪಡೆಯುವವರ ಕೈಯಲ್ಲಿದೆ. ಕಳೆದ ದೀಪಾವಳಿ ವಿಶೇಷಾಂಕಕ್ಕೆ ಹಿರಿಯ ಲೇಖಕಿಯೊಬ್ಬರು ಇಮೇಲಿನಲ್ಲಿ ಕಳುಹಿಸಿದ ಕಥೆ ನಮಗೆ ಬರಲೇ ಇಲ್ಲ. ವಿಚಾರಿಸಲು ಇಮೇಲ್ ಸೇವೆಯವರಿಗೆ ನಾಲ್ಕು ಸಲ ಬರೆದೆ, ನಾಲ್ಕಕ್ಕೂ ಒಂದೇ ಸಿದ್ಧ ಉತ್ತರ ಬಂತು. ಫಿಡೋನೆಟ್‌ನಲ್ಲಾಗಿದ್ದರೆ ನೋಡ್‌ಲಿಸ್ಟ್ ತೆರೆದು, ಆ ನೋಡ್ ನಡೆಸುವವರ ಹೆಸರು ಹುಡುಕಿ, ಅವರನ್ನೇ ಕೇಳಬಹುದಿತ್ತು.