ಹಳೇ ಎಂಪಿ3 ಹಾಡುಗಳನ್ನೆಲ್ಲ ಫ್ಲ್ಯಾಕ್‌ಗೆ ಬದಲಾಯಿಸಿದರೆ ಕೇಳೋಕೆ ಚೆನ್ನಾಗಿರುತ್ತಾ?

ಬೇಡ, ಮಾಡಬೇಡಿ. ಬ್ಲೂಟೂತ್ ಇಯರ್‌ಬಡ್ ಇದೆ, ಫೋನಲ್ಲಿ ಜಾಗ ಇದೆ, ಕನ್ವರ್ಟರ್ ಆ್ಯಪ್ ಒಂದೇ ಸಲಕ್ಕೆ ಎಲ್ಲವನ್ನೂ ಫ್ಲ್ಯಾಕ್ ಮಾಡಿಕೊಡುತ್ತದೆ ಅಂತ ಬರೆದಿದ್ದೀರಿ. ಮಾಡಿಕೊಡುತ್ತದೆ, ನಿಜ. ಎಂಪಿ3 ಸದ್ದಿನ ಒಂದಷ್ಟನ್ನು ಬಿಸಾಡಿ ಫೈಲ್ ಚಿಕ್ಕದು ಮಾಡುತ್ತದೆ, ಫ್ಲ್ಯಾಕ್ ಏನನ್ನೂ ಬಿಸಾಡದೆ ಚಿಕ್ಕದು ಮಾಡುತ್ತದೆ. ಆದರೆ ಎಂಪಿ3ಯನ್ನು ಫ್ಲ್ಯಾಕ್ ಮಾಡುವುದು ಅಂದರೆ, ನೀರು ಬೆರೆತ ಹಾಲನ್ನು ಹಿತ್ತಾಳೆ ಚೊಂಬಿನಿಂದ ಬೆಳ್ಳಿ ಚೊಂಬಿಗೆ ಸುರಿದ ಹಾಗೆ. ಎಂಪಿ3 ಮಾಡುವಾಗ ಬಿಸಾಡಿದ್ದು ಯಾವ ಆ್ಯಪ್‌ನಿಂದಲೂ ವಾಪಸ್ ಬರುವುದಿಲ್ಲ. ಫೈಲ್ ಮಾತ್ರ ಊದಿಕೊಳ್ಳುತ್ತದೆ.

ಇದು ನನ್ನ ತಲೆಗೆ ಹತ್ತುವಷ್ಟರಲ್ಲಿ ನಮ್ಮ ದೊಡ್ಡಪ್ಪನ ಗಮಕ ಹಾಳಾಗಿತ್ತು.

ತೀರ್ಥಹಳ್ಳಿ ಕಡೆ ನಮ್ಮೂರು. ದೊಡ್ಡಪ್ಪ ಗಮಕ ವಾಚನ ಮಾಡುತ್ತಿದ್ದರು. ದೊಡ್ಡ ಹೆಸರೇನಲ್ಲ. ನವರಾತ್ರಿಯಲ್ಲಿ ದೇವಸ್ಥಾನ, ಉಳಿದ ದಿನ ಯಾರದಾದರೂ ಮನೆ ಜಗಲಿ. ಇವರು ಕಾವ್ಯವನ್ನು ರಾಗವಾಗಿ ಓದುವುದು, ಪಕ್ಕದಲ್ಲಿ ಇನ್ನೊಬ್ಬರು ಅರ್ಥ ಹೇಳುವುದು. ಎಲ್ಲವೂ ಸಾದಾ ಟೇಪ್ ರೆಕಾರ್ಡರಿನಲ್ಲಿ ಹಿಡಿದ 90 ನಿಮಿಷದ ಕ್ಯಾಸೆಟ್‌ಗಳು. ಅವರು ಹೋದ ಮೇಲೆ, 2006ರಲ್ಲಿ, ಅದನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಇಂಜಿನಿಯರಿಂಗ್ ಓದಿದವನು ನಾನೊಬ್ಬನೇ ಅಲ್ವಾ. (ಮೆಕ್ಯಾನಿಕಲ್. ಅದನ್ನು ಯಾರೂ ಕೇಳಲಿಲ್ಲ.)

ಬೆಂಗಳೂರಿನ ಎಸ್‌ಪಿ ರೋಡಿನಿಂದ ಕೇಬಲ್ ತಂದೆ, ಡೆಕ್ಕಿಗೂ ಕಂಪ್ಯೂಟರಿಗೂ ಸಿಕ್ಕಿಸಿದೆ, ಸದ್ದನ್ನು ಹಿಂಡದೆ ಪೂರ್ತಿ ಇಡುವ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿದೆ. ಅಲ್ಲಿಯವರೆಗೆ ಎಲ್ಲ ಸರಿ. ಸಿಡಿ ಮಟ್ಟದ ವೇವ್ ಅಂದರೆ 44.1 ಕಿಲೋಹರ್ಟ್ಸ್ (ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆಯುವುದು), 16 ಬಿಟ್, ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಕ್ಯಾಸೆಟ್ಟಿಗೆ 900 ಎಂಬಿ ದಾಟುತ್ತದೆ. ನನ್ನ ಹಾರ್ಡ್ ಡಿಸ್ಕ್ 40 ಜಿಬಿ, ಅದರಲ್ಲಿ ಅರ್ಧ ಸಿನಿಮಾ. ಅದೇ ಕ್ಯಾಸೆಟ್ಟನ್ನು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ 90 ಎಂಬಿಯೂ ಆಗಲ್ಲ. ಕೇಳಿ ನೋಡಿದೆ, ಸ್ಪೀಕರಿನಲ್ಲಿ ಎರಡೂ ಒಂದೇ ಥರ ಕೇಳಿಸಿತು. ಸರಿ, ಪ್ರತಿ ಕ್ಯಾಸೆಟ್ ಮುಗಿದ ಹಾಗೆ ಎಂಪಿ3 ಇಟ್ಟುಕೊಂಡು ವೇವ್ ಅಳಿಸುತ್ತಾ ಹೋದೆ.

ನಾನು ಕೆಟ್ಟದ್ದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೆ ಕೆಳಗೆ ಹೋಗಿ.

ಎಂಪಿ3 ಕೆಲಸ ಮಾಡುವುದು ಕಿವಿಯ ದೌರ್ಬಲ್ಯ ಹಿಡಿದುಕೊಂಡು. ಜೋರಾದ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ನಮಗೆ ಕೇಳಿಸುವುದಿಲ್ಲ, ಅದನ್ನು ಅದು ಬಿಸಾಡುತ್ತದೆ. ಉಳಿದದ್ದನ್ನೂ ಒರಟಾಗಿ ಬರೆದುಕೊಳ್ಳುತ್ತದೆ. ಕೇಳುವುದಕ್ಕೆ ಅದು ಬಹಳ ಜಾಣ ಉಪಾಯ. ಆದರೆ ಕ್ಯಾಸೆಟ್ಟಿನಲ್ಲಿ ಸುಮ್ನೆ ಹರಿಯುವ ಒಂದು 'ಸ್‌ಸ್‌ಸ್' ಇರುತ್ತದಲ್ಲ, ಅದು ಯಾವ ಲೆಕ್ಕಕ್ಕೂ ಸಿಗದ ಸದ್ದು, ಹಾಗಾಗಿ ಹಿಂಡಿ ಚಿಕ್ಕದು ಮಾಡುವುದು ಭಾರಿ ಕಷ್ಟ. 128ರ ಲೆಕ್ಕದಲ್ಲಿ ಇರುವ ಬಿಟ್‌ಗಳೇ ಕಡಿಮೆ, ಅದರಲ್ಲಿ ಒಂದಷ್ಟನ್ನು ಈ ಸದ್ದೇ ನುಂಗುತ್ತದೆ, ದೊಡ್ಡಪ್ಪನ ದನಿಗೆ ಮಿಕ್ಕಿದ್ದು. ಅಷ್ಟೂ ಸಾಲದು ಅಂತ ನಾನು ಆ ಎಂಪಿ3ಗಳನ್ನು ಎಡಿಟರಿನಲ್ಲಿ ತೆರೆದು, ನಡುವಿನ ಕೆಮ್ಮು, ಕಾಫಿ ಲೋಟದ ಸದ್ದು ಕತ್ತರಿಸಿ, ಮತ್ತೆ ಎಂಪಿ3 ಆಗಿಯೇ ಸೇವ್ ಮಾಡಿದೆ. ಹಾಗೆ ಸೇವ್ ಮಾಡಿದಾಗಲೆಲ್ಲ ಫೈಲ್ ಪೂರ್ತಿ ಬಿಚ್ಚಿ ಮತ್ತೆ ಹಿಂಡಲ್ಪಡುತ್ತದೆ, ಕತ್ತರಿಸಿದ ಜಾಗ ಒಂದೇ ಅಲ್ಲ. ಕೆಲವು ಫೈಲ್‌ಗಳಿಗೆ ಇದು ಮೂರು ನಾಲ್ಕು ಸಲ ಆಗಿದೆ.

ವರ್ಷಗಳಾದ ಮೇಲೆ ತಂಗಿ ಮಗಳು ಗಮಕ ಕಲಿಯಲು ಹೊರಟಳು. ಅವಳಿಗೆ ಕೊಡೋಣ ಅಂತ ಹೆಡ್‌ಫೋನಿನಲ್ಲಿ ಕೂತು ಕೇಳಿದೆ. ಶೃತಿಪೆಟ್ಟಿಗೆ ನೀರೊಳಗೆ ಮುಳುಗಿದ ಹಾಗೆ ಗುಳುಗುಳು ಅನ್ನುತ್ತಿತ್ತು. ಸರಿ, ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕಿದೆ. ಅದು ಮೊದಲು ಮಾತಿಲ್ಲದ ಜಾಗದ ಸದ್ದನ್ನು ನೋಡಿಕೊಂಡು, ಅಂಥದ್ದನ್ನೇ ಎಲ್ಲ ಕಡೆಯಿಂದ ಕಳೆಯುತ್ತದೆ. ಅದಕ್ಕೆ ಸದ್ದು ಒಂದೇ ಸಮ ಇರಬೇಕು. ಎಂಪಿ3 ಆದ ಮೇಲೆ ಅದು ಒಂದೇ ಸಮ ಎಲ್ಲಿ ಉಳಿಯಿತು, 26 ಮಿಲಿಸೆಕೆಂಡಿನ ಒಂದೊಂದು ತುಂಡಿನಲ್ಲೂ ಒಂದೊಂದು ಥರ. ದನಿ ಇನ್ನೂ ಕೆಟ್ಟಿತು. ಕ್ಯಾಸೆಟ್ಟಿಂದ ಮತ್ತೆ ತೆಗೆಯೋಣ ಅಂದರೆ, ಕಂಪ್ಯೂಟರಲ್ಲಿ ಇದೆಯಲ್ಲ ಅಂತ ಟ್ರಂಕನ್ನು ಅಟ್ಟಕ್ಕೆ ಹಾಕಿದ್ದರು. ಮಲೆನಾಡಿನ ಮಳೆಗೆ ಟೇಪಿನ ಮೇಲೆ ಬಿಳಿ ಬೂಷ್ಟು. ಕೊನೆಗೆ ಗುಜರಿಗೆ.

ಫ್ಲ್ಯಾಕ್ 2001ರಿಂದಲೇ ಇತ್ತು, ಪುಕ್ಕಟೆ. ವೇವ್‌ನ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ಬಿಚ್ಚಿದಾಗ ಒಂದು ಬಿಟ್ ಕೂಡ ಆಚೀಚೆ ಆಗದ ಹಾಗೆ ವಾಪಸ್ ಕೊಡುತ್ತದೆ. ಆ ಸಿನಿಮಾಗಳನ್ನು ಅಳಿಸಿದ್ದರೆ ಸಾಕಿತ್ತು.

ಈಗ ನಿಮ್ಮ ಪ್ರಶ್ನೆ. 'ಯಾವುದು ಚೆನ್ನಾಗಿ ಕೇಳಿಸುತ್ತೆ' ಅನ್ನುವುದೇ ನನ್ನ ಪ್ರಕಾರ ಇಲ್ಲಿ ತಪ್ಪು ಪ್ರಶ್ನೆ. ಚೆನ್ನಾಗಿ ಮಾಡಿದ 320 ಎಂಪಿ3ಗೂ ಫ್ಲ್ಯಾಕ್‌ಗೂ ವ್ಯತ್ಯಾಸ ನನಗೆ ಗೊತ್ತಾಗಲ್ಲ. ಫೂಬಾರ್2000 ಅಂತ ಪ್ಲೇಯರ್ ಇದೆ, ಅದರಲ್ಲಿ ಎಬಿಎಕ್ಸ್ ಅನ್ನುವ ಪರೀಕ್ಷೆ ಹಾಕಿಕೊಳ್ಳಬಹುದು, ಯಾವುದು ಯಾವುದು ಅಂತ ಹೇಳದೆ ನುಡಿಸುತ್ತದೆ. ನನ್ನದು ಶುದ್ಧ ಊಹೆ ಅಂತ ಅಲ್ಲಿ ಬಯಲಾಯಿತು. 128 ಆದರೆ ಸಿಕ್ಕಿಬೀಳುತ್ತದೆ: ಚಪ್ಪಾಳೆ, ಘಟ, ಖಂಜೀರದ ಪೆಟ್ಟು ಕೇಳಿ. ಪೆಟ್ಟು ಬೀಳುವ ಮೊದಲೇ ಒಂದು ಮಸುಕು ಕೇಳಿಸುತ್ತದೆ. ಇನ್ನು ನಿಮ್ಮ ಇಯರ್‌ಬಡ್. ಬ್ಲೂಟೂತ್ ತಾನೇ ಇನ್ನೊಂದು ಸಲ ಹಿಂಡುತ್ತದೆ, ಎಲ್ಲದರಲ್ಲೂ ಇರುವ ಎಸ್‌ಬಿಸಿ ಅನ್ನುವ ಹಿಂಡುವ ವಿಧಾನ ಸಾಮಾನ್ಯವಾಗಿ 328 ಕೆಬಿಪಿಎಸ್ ದಾಟುವುದಿಲ್ಲ. ನೀವು ಕೊಟ್ಟದ್ದು ಫ್ಲ್ಯಾಕ್ ಆದರೂ ಕಿವಿಗೆ ಬರುವುದು ಅದೇ. ಒಂದು ಒಳ್ಳೆ ವೈರ್ ಇರುವ ಇಯರ್‌ಫೋನ್ ತಗೊಳ್ಳಿ, ಯಾವ ಫಾರ್ಮ್ಯಾಟಿಗಿಂತ ಜಾಸ್ತಿ ವ್ಯತ್ಯಾಸ ಅದರಿಂದ ಕಾಣುತ್ತದೆ. 192 ಕಿಲೋಹರ್ಟ್ಸ್ ಹೈ-ರೆಸ್ ಅಂತ ದುಡ್ಡು ಸುರಿಯುವುದು ದಂಡ. ಅಳೆಯುವ ವೇಗದ ಅರ್ಧದವರೆಗಿನ ಸದ್ದು ಹಿಡಿಯುತ್ತದೆ; ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ಸುಸ್ತು, 44.1ರ ಸಿಡಿಯೇ 22 ಮುಟ್ಟುತ್ತದೆ.

ಅಂದ ಹಾಗೆ, ಯಾರಾದರೂ ಫ್ಲ್ಯಾಕ್ ಅಂತ ಕೊಟ್ಟರೆ ಸ್ಪೆಕ್ ಅನ್ನುವ ಪುಟ್ಟ ಪ್ರೋಗ್ರಾಮಿನಲ್ಲಿ ತೆರೆದು ನೋಡಿ, ಸದ್ದು ಎಷ್ಟು ಕಿಲೋಹರ್ಟ್ಸ್‌ವರೆಗೆ ಇದೆ ಅಂತ ಚಿತ್ರದಲ್ಲಿ ತೋರಿಸುತ್ತದೆ. ಸದ್ದು 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿದ್ದರೆ ಬಹುಶಃ ಅದು ವೇಷ ಹಾಕಿದ ಎಂಪಿ3.

ಅಂಗಡಿಯಲ್ಲಿ, ಆ್ಯಪಿನಲ್ಲಿ ಸಿಗುವ ಹಾಡಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ, ಎಂಪಿ3 ಧಾರಾಳ ಸಾಕು. ನಿಮ್ಮನೆಯಲ್ಲಿ ಮಾತ್ರ ಇರುವುದು ಏನಾದರೂ ಇದ್ದರೆ, ಅಜ್ಜಿಯ ಸೋಬಾನೆಯೋ, ಯಾರದೋ ಭಾಷಣವೋ, ಅದನ್ನು ಫ್ಲ್ಯಾಕ್‌ನಲ್ಲೇ ಇಡಿ, ಎರಡು ಡಿಸ್ಕಿನಲ್ಲಿ ಇಡಿ. ಕತ್ತರಿಸುವುದಿದ್ದರೆ ಅದರ ನಕಲಿನ ಮೇಲೆ ಕತ್ತರಿಸಿ. ನೆಂಟರಿಗೆ ಬೇಕಾದರೆ ಅದರಿಂದ ಎಂಪಿ3 ಮಾಡಿ ಕಳಿಸಿ, ಮೂಲವನ್ನೇ ಕಳಿಸುವುದಾದರೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಕ್ಯಾಸೆಟ್ ಇದ್ದರೆ ಮಳೆಗಾಲಕ್ಕೆ ಮುಂಚೆ ಮುಗಿಸಿ, ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ ಶುರು ಮಾಡಿ. ಯಾವ ಡೆಕ್ ಇದೆ ಅಂತ ಬರೆಯಿರಿ, ಕೇಬಲ್ ಯಾವುದು ಬೇಕು ಹೇಳುತ್ತೇನೆ.