ಕರಗುವ ಬಟ್ಟೆ, ಕರಗದ ಹಿಡಿಕೆ

ಪ್ರಶ್ನೆ: ಪಾಲಿಯೆಸ್ಟರ್ ಅಂಗಿ ಒಗೆದು ಹಾಕಿದರೆ ಬಹಳ ಬೇಗ ಒಣಗುತ್ತದೆ. ಸೆಖೆಯಲ್ಲಿ ತೊಟ್ಟರೆ ಮಾತ್ರ ಮೈಯೆಲ್ಲ ಅಂಟಂಟು. ಬೇಗ ಒಣಗುವ ಬಟ್ಟೆ ಬೆವರನ್ನೂ ಬೇಗ ಒಣಗಿಸಬೇಕಲ್ಲವೇ?

ಉತ್ತರ: ಈ ಅನುಕೂಲಕ್ಕೂ ಆ ಕಿರಿಕಿರಿಗೂ ಕಾರಣ ಒಂದೇ. ಹತ್ತಿಯ ಎಳೆಯಲ್ಲಿರುವ ಸೆಲ್ಯುಲೋಸ್ ನೀರಿನ ಅಣುಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅವನ್ನು ಹೆಚ್ಚುಕಡಿಮೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸಾಧಾರಣ ತೇವವಿರುವ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರನ್ನು ಹೀರಿಕೊಂಡರೆ, ನೈಲಾನ್ ಸುಮಾರು 4 ಗ್ರಾಂ ಹೀರುತ್ತದೆ, ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಒಗೆದ ಅಂಗಿಯ ನೀರು ಎಳೆಗಳ ನಡುವೆ ಮಾತ್ರ ನಿಂತಿರುವುದರಿಂದ ಬೇಗ ಆರಿಹೋಗುತ್ತದೆ. ಅದೇ ಕಾರಣಕ್ಕೆ ಮೈಯ ಬೆವರು ಬಟ್ಟೆಗೆ ಸೇರದೆ ಚರ್ಮದ ಮೇಲೆಯೇ ಉಳಿಯುತ್ತದೆ. ಕ್ರೀಡಾ ಉಡುಪುಗಳಲ್ಲಿ ಪಾಲಿಯೆಸ್ಟರನ್ನೇ ಬಹಳ ಸಣ್ಣ ಎಳೆಗಳಾಗಿ ತೆಗೆದು, ಬೆವರು ಅವುಗಳ ಸಂದಿಯಲ್ಲಿ ಹರಡಿ ಆವಿಯಾಗುವಂತೆ ಹೆಣೆದಿರುತ್ತಾರೆ. ಆದ್ದರಿಂದ ನೂಲಿನ ಹೆಸರನ್ನಷ್ಟೇ ಅಲ್ಲ, ನೇಯ್ಗೆಯನ್ನೂ ನೋಡಿ ಬಟ್ಟೆ ಆರಿಸುವುದು ಒಳ್ಳೆಯದು.

ಪ್ರಶ್ನೆ: ಒಲೆಯ ಮುಂದೆ ಸಿಂಥೆಟಿಕ್ ಬಟ್ಟೆ ತೊಡಬಾರದು ಎನ್ನುತ್ತಾರೆ. ಹತ್ತಿಯೂ ಉರಿಯುತ್ತದಲ್ಲ?

ಉತ್ತರ: ಉರಿಯುತ್ತದೆ, ಅದೂ ಬೇಗನೆ ಹೊತ್ತಿಕೊಂಡು ಉರಿಯುತ್ತದೆ. ಹತ್ತಿ ಸುರಕ್ಷಿತ ಎಂದುಕೊಂಡು ಸಡಿಲವಾದ ಸೆರಗನ್ನು ಬೆಂಕಿಯ ಬಳಿ ಬಿಡುವುದು ಸಹ ಅಪಾಯವೇ. ಆದರೆ ಸಂಶ್ಲೇಷಿತ ಎಳೆ ತರುವ ಕೇಡು ಬೇರೆ ಬಗೆಯದು. ಹಳೆಯ ಬಟ್ಟೆಯ ಅಂಚಿನಿಂದ ಒಂದೊಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಮೇಣದ ಬತ್ತಿಯ ಉರಿಗೆ ಒಡ್ಡಿ ನೋಡಿ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬೀರುತ್ತ ಉರಿದು, ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಎಳೆ ಉರಿಯಿಂದ ಹಿಂದೆ ಸರಿದಂತೆ ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿಯಾದ ಮಣಿಯೊಂದನ್ನು ಬಿಡುತ್ತದೆ. ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಆ ಮಣಿ ಚರ್ಮದ ಮೇಲೆ ಆದರೆ ಅಲ್ಲಿಯೇ ಕಚ್ಚಿಕೊಂಡು, ತನ್ನ ಕಾವನ್ನೆಲ್ಲ ಒಳಕ್ಕೆ ಇಳಿಸುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನೂ ನಾನು ಒಲೆಯ ಬಳಿಗೆ ಒಪ್ಪುವುದಿಲ್ಲ, ಏಕೆಂದರೆ ಅದರಲ್ಲಿ ಕರಗಿದ ಪಾಲಿಯೆಸ್ಟರ್ ಕೆಳಗೆ ತೊಟ್ಟಿಕ್ಕದೆ ಉರಿಯುವ ಹತ್ತಿಗೇ ಅಂಟಿಕೊಂಡು ಬೆಂಕಿಯನ್ನು ಬೆಳೆಸುತ್ತದೆ. ಅಂಥ ಅವಘಡವಾದರೆ ಬೆಂಕಿ ಆರಿಸಿದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ದಯವಿಟ್ಟು ಎಳೆಯಬೇಡಿ, ಅದನ್ನು ವೈದ್ಯರೇ ತೆಗೆಯಲಿ.

ಪ್ರಶ್ನೆ: ಬಿಸಿನೀರಿಗೆ ಪ್ಲಾಸ್ಟಿಕ್ ಮಗ್ ಸೊಟ್ಟಗಾಗುತ್ತದೆ, ಕುಕ್ಕರಿನ ಕಪ್ಪು ಹಿಡಿಕೆ ಏಕೆ ಆಗುವುದಿಲ್ಲ?

ಉತ್ತರ: ಎರಡನ್ನೂ ಪ್ಲಾಸ್ಟಿಕ್ ಎಂದೇ ಕರೆದರೂ ಒಳಗಿನ ಕಟ್ಟಣೆ ಬೇರೆ. ಮಗ್ಗಿನಲ್ಲಿ ಉದ್ದುದ್ದ ಅಣುಸರಪಳಿಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿವೆ. ಕಾವು ತಗುಲಿದರೆ ಜಾರಾಡುತ್ತವೆ, ತಣಿದರೆ ಹಾಗೆಯೇ ನಿಲ್ಲುತ್ತವೆ. ಇದು ಥರ್ಮೋಪ್ಲಾಸ್ಟಿಕ್. ಹಿಡಿಕೆ ಸಾಮಾನ್ಯವಾಗಿ ಬೇಕಲೈಟ್, ಅಂದರೆ 1907ರಲ್ಲಿ ಲಿಯೊ ಬೇಕಲ್ಯಾಂಡ್ ಕಂಡುಹಿಡಿದ ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್. ಅಚ್ಚಿನಲ್ಲಿ ಕಾಯಿಸುವಾಗಲೇ ಅದರ ಸರಪಳಿಗಳು ಎಲ್ಲ ದಿಕ್ಕಿಗೂ ಬೆಸೆದುಕೊಂಡು ಬಲೆಯಾಗಿಬಿಡುತ್ತವೆ. ಮತ್ತೆ ಕಾಯಿಸಿದರೆ ಅದು ಮೆತ್ತಗಾಗುವುದಿಲ್ಲ. ಉರಿ ನೇರವಾಗಿ ತಾಗುತ್ತಲೇ ಇದ್ದರೆ ಕರಿಕಲಾಗಿ ಒಡೆಯುತ್ತದೆ. ಮುರಿದ ಹಿಡಿಕೆಯನ್ನು ಕರಗಿಸಿ ಹೊಸದನ್ನು ಎರಕ ಹೊಯ್ಯಲು ಆಗದಿರುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ನೀರಿನ ಬಾಟಲಿಯಿಂದ ಬಟ್ಟೆ ಮಾಡುತ್ತಾರೆ ಎಂಬುದು ನಿಜವೇ?

ಉತ್ತರ: ನಿಜ. ಪೆಟ್ ಬಾಟಲಿ ಮತ್ತು ಪಾಲಿಯೆಸ್ಟರ್ ನೂಲು ಎರಡೂ ಪಾಲಿಎಥಿಲೀನ್ ಟೆರೆಫ್ತಾಲೇಟ್ ಎಂಬ ಒಂದೇ ವಸ್ತು. ಬಾಟಲಿಗಳನ್ನು ತೊಳೆದು, ಚೂರು ಮಾಡಿ, ಕರಗಿಸಿ, ಸಣ್ಣ ತೂತುಗಳ ಮೂಲಕ ಒತ್ತಿದರೆ ಎಳೆಗಳು ಹೊರಬರುತ್ತವೆ. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕೆಯಿದ್ದರೆ ಅದು ಪೆಟ್.